ತುಡುವೆ ಜೇನಿನ ಅಚ್ಚು

ಹೊಸಪೇಟೆಯಲ್ಲಿ ನಮ್ಮಪ್ಪನದೊಂದು ಲೇತ್ ವರ್ಕ್‌ಶಾಪ್ ಇತ್ತು. ಕಂಪ್ಲಿಯ ಅಕ್ಕಿ ಗಿರಣಿಗಳ ಶಾಫ್ಟು, ಕಾಲುವೆ ದಂಡೆಯ ಪಂಪುಗಳ ಬುಶ್ಶು, ಕಬ್ಬಿನ ಗಾಣದ ಹಲ್ಲುಚಕ್ರ, ಇಂಥವೇ ಅಲ್ಲಿಗೆ ಬರುತ್ತಿದ್ದ ಕೆಲಸ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ನಾನೂ ಅಲ್ಲೇ ನಿಂತೆ. ಮದುವೆಯಾಗಿ ಹೋದದ್ದು ಅದೇ ಊರಿನ ಇನ್ನೊಂದು ಬೀದಿಗೆ. ಗಂಡ ಹೈಸ್ಕೂಲು ಮಾಸ್ತರ. ನಾನು ಬೆಳಿಗ್ಗೆ ಮನೆಗೆಲಸ ಮುಗಿಸಿ ವರ್ಕ್‌ಶಾಪಿಗೆ ಹೋಗುವುದಕ್ಕೆ ಅವರದೇನೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ನನ್ನ ಅಣ್ಣನಿಗೆ. ಸೀರೆ ಉಟ್ಟವಳು ಲೇತಿನ ಮುಂದೆ ನಿಂತರೆ ಗಿರಾಕಿಗಳು ನಗುತ್ತಾರೆ ಎನ್ನುತ್ತಿದ್ದ. ಅಪ್ಪ ಇರುವ ತನಕ ಅದು ಗೊಣಗಾಟವಾಗಿಯೇ ಉಳಿಯಿತು.

ಜೇನಿಗೂ ನನಗೂ ನಂಟು ಹಚ್ಚಿದವಳು ಸಂಡೂರು ಕಡೆಯ ಒಬ್ಬ ಹೆಂಗಸು. ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದಳು, ಹಿತ್ತಲಲ್ಲಿ ಪೆಟ್ಟಿಗೆಯಲ್ಲಿ ಜೇನು ಸಾಕುತ್ತಿದ್ದಳು. ಜೇನುತುಪ್ಪ ತೆಗೆಯುವ ಡ್ರಮ್ಮಿನ ಹಲ್ಲುಚಕ್ರ ಮುರಿದಿತ್ತೆಂದು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷವಾದರೂ ದೊಡ್ಡವಳು. ಮೊದಲ ದಿನವೇ ನಾನು ಅಕ್ಕಾ ಎಂದೆ, ಅವಳು ತಂಗೀ ಎಂದಳು. ಚಕ್ರ ತಯಾರಾಗುವವರೆಗೆ ಸ್ಟೂಲಿನ ಮೇಲೆ ಕೂತು ಮಾತಾಡುತ್ತಾ, ಇನ್ನೊಂದು ಗಂಟಿನಿಂದ ಒಂದು ಮೇಣದ ಹಾಳೆ ತೆಗೆದು ತೋರಿಸಿದಳು. ಹಾಳೆಯ ಮೇಲೆ ಸಾಲಾಗಿ ಆರು ಮೂಲೆಯ ಗುರುತುಗಳು ಒತ್ತಿದ್ದವು. ಅರ್ಧಕ್ಕರ್ಧ ಹಾಳೆಯನ್ನು ಹುಳಗಳು ಕಡಿದು ಹಾಕಿದ್ದವು.

ನನಗೆ ಅದೇನೆಂದು ತಿಳಿಯದು. ಅವಳು ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ. ಕಾಡಿನಲ್ಲಿ ಜೇನು ತನಗೆ ಬೇಕಾದಂತೆ ಎರಿ ಕಟ್ಟುತ್ತದೆ. ಪೆಟ್ಟಿಗೆಯಲ್ಲಿ ಸಾಕುವವರು ಮರದ ಚೌಕಟ್ಟುಗಳನ್ನು ಇಳಿಬಿಟ್ಟು, ಒಂದೊಂದಕ್ಕೂ ಇಂಥ ಅಚ್ಚೊತ್ತಿದ ಮೇಣದ ಹಾಳೆ ಕೂರಿಸುತ್ತಾರೆ. ಹುಳಗಳು ಆ ಗುರುತಿನ ಮೇಲೇ ಗೋಡೆ ಎಬ್ಬಿಸುತ್ತವೆ. ಎರಿ ಚೌಕಟ್ಟಿನೊಳಗೆ ನೆಟ್ಟಗೆ ನಿಲ್ಲುತ್ತದೆ, ಹುಳಕ್ಕೆ ಮೇಣ ಸುರಿಸುವ ಶ್ರಮ ಉಳಿಯುತ್ತದೆ, ತುಪ್ಪ ತೆಗೆದ ಮೇಲೆ ಎರಿಯನ್ನು ಒಡೆಯದೆ ಮತ್ತೆ ಅವಕ್ಕೇ ಕೊಡಬಹುದು. ಒಟ್ಟಿನಲ್ಲಿ ಅದು ಮನೆಗೆ ಹಾಕಿಕೊಟ್ಟ ಪಾಯ. ಆದರೆ ಪೇಟೆಯಲ್ಲಿ ಸಿಗುತ್ತಿದ್ದ ಹಾಳೆಗಳ ಪಾಯ ಇಟಲಿಯ ದೊಡ್ಡ ಜೇನಿನ ಅಳತೆಯದು. ನಮ್ಮ ಕಡೆಯ ತುಡುವೆ ಅದಕ್ಕಿಂತ ಸಣ್ಣ ಹುಳ. ಒಂದಿಷ್ಟು ದಿನ ಪ್ರಯತ್ನಿಸಿ, ಸಿಟ್ಟಿಗೆದ್ದು ಕಡಿದು ಹಾಕುತ್ತದೆ.

ಮುಂದಿನ ಭಾನುವಾರವೇ ಅವಳ ಊರಿಗೆ ಹೋದೆ. ಆಗ ಆ ಕಣಿವೆ ಹಸಿರಾಗಿತ್ತು. ರಸ್ತೆಯ ಎರಡೂ ಕಡೆ ಹೊಂಗೆ, ಗುಡ್ಡದ ಮೇಲೆ ಸೀತಾಫಲದ ಗಿಡಗಳು. ಅಕ್ಕ ಪೆಟ್ಟಿಗೆ ತೆರೆದು, ಹುಳಗಳು ತಾವೇ ಕಟ್ಟಿದ್ದ ಖಾಲಿ ಎರಿಯ ತುಂಡುಗಳನ್ನು ಕೊಟ್ಟಳು. ಎರಿಯ ಆರು ಮೂಲೆಯ ಒಂದೇ ಮನೆಯನ್ನು ಅಳೆದರೆ ತಪ್ಪು ಕಾಣುವುದಿಲ್ಲವೆಂದು ಹತ್ತು ಮನೆಯ ಸಾಲನ್ನು ವರ್ನಿಯರ್ ಮಾಪಕದಲ್ಲಿ ಅಳೆದೆ. ಬೇರೆ ಬೇರೆ ಎರಿಗಳಲ್ಲಿ, ಮೂರೂ ದಿಕ್ಕಿನಲ್ಲಿ ಅಳೆದೆ. ಕೂದಲೆಳೆಯಷ್ಟು ವ್ಯತ್ಯಾಸ. ನಮ್ಮ ಲೇತಿನಲ್ಲಿ ನಾನು ಮಾಡಿದ ಯಾವ ಕೆಲಸವೂ ಅಷ್ಟು ನಿಖರವಾಗಿರಲಿಲ್ಲ.

ಆ ಚಳಿಗಾಲವೆಲ್ಲ ಅಚ್ಚಿನ ಕೆಲಸ. ಊರಿನಲ್ಲಿ ಹಳೆಯ ಮುದ್ರಣಾಲಯವೊಂದು ಮುಚ್ಚಿತ್ತು. ಅಲ್ಲಿ ರಾಶಿ ಬಿದ್ದಿದ್ದ ಸೀಸದ ಅಕ್ಷರದ ಮೊಳೆಗಳನ್ನು ತಂದು, ಇನ್ನಷ್ಟು ಸೀಸ ಬೆರೆಸಿ ಕರಗಿಸಿ, ಎರಡು ಹಲಗೆ ಎರಕ ಹೊಯ್ದೆ. ಉಕ್ಕಿನ ಸಣ್ಣ ಮೊಳೆಯೊಂದನ್ನು ಅರದಿಂದ ಉಜ್ಜಿ ಆರು ಮೂಲೆಯದನ್ನಾಗಿ ಮಾಡಿ, ತುದಿಯನ್ನು ಮೂರು ಮುಖದ ಗೋಪುರದ ಹಾಗೆ ತಿದ್ದಿದೆ. ಆ ಮೊಳೆಯನ್ನು ಹಲಗೆಯ ಮೇಲಿಟ್ಟು ಒಂದೊಂದೇ ಏಟು ಹಾಕಿ ಮನೆಯ ಪಕ್ಕ ಮನೆ ಒತ್ತಬೇಕು. ಇನ್ನೊಂದು ಹಲಗೆಯ ಮನೆಗಳು ಇದರ ಬೆನ್ನಿಗೆ ಸರಿಯಾಗಿ ಬರಬಾರದು. ಅರ್ಧ ಮನೆ ಸರಿದು ಬರಬೇಕು, ಜೇನು ಕಟ್ಟುವುದೇ ಹಾಗೆ. ಮೊದಲ ಜೊತೆ ಹಾಳಾಯಿತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ಸಾಲು ಜಾರಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅವಸರ ಮಾಡಬ್ಯಾಡ. ಒಂದು ಗೆರಿ ತಪ್ಪಿದ್ರ ಮುಂದಿನ್ವು ಎಲ್ಲಾ ತಪ್ತಾವ" ಎಂದು ಹೇಳಿ, ತಾನೇ ಅದನ್ನು ಮತ್ತೆ ಕರಗಿಸುವ ಪಾತ್ರೆಗೆ ಹಾಕಿದ.

ಎರಡನೆಯ ಜೊತೆ ಸರಿಯಾಯಿತು. ಪುಸ್ತಕದ ಹಾಗೆ ತೆರೆದು ಮುಚ್ಚುವಂತೆ ಎರಡಕ್ಕೂ ಕೀಲು ಹಾಕಿದೆ. ನೆನೆಸಿದ ಮರದ ಹಲಗೆಯನ್ನು ಕಾದ ಜೇನುಮೇಣದಲ್ಲಿ ಅದ್ದಿ ತೆಗೆದರೆ ಎರಡೂ ಬದಿಗೆ ತೆಳ್ಳನೆ ಪೊರೆ ನಿಲ್ಲುತ್ತದೆ. ಅದನ್ನು ಸುಲಿದು, ಅಚ್ಚಿಗೆ ಸಾಬೂನಿನ ನೀರು ಬಳಿದು, ನಡುವೆ ಇಟ್ಟು ಒತ್ತಬೇಕು. ಮೊದಲ ಹಾಳೆ ಅಚ್ಚಿನಿಂದ ಹರಿಯದೆ ಎದ್ದು ಬಂದಾಗ ವರ್ಕ್‌ಶಾಪಿನಲ್ಲಿ ಎಲ್ಲರ ಕೈಯಿಂದ ಕೈಗೆ ಹೋಯಿತು. ಅಣ್ಣನೂ ನೋಡಿ, ಚಂದ ಬಂದೈತಿ ಎಂದ. ಅವನು ಅಷ್ಟು ಹೇಳಿದ್ದನ್ನೂ ನಾನು ಮರೆತಿಲ್ಲ.

ಅಕ್ಕನ ಹುಳಗಳು ಆ ಹಾಳೆಯನ್ನು ಹಿಡಿದುಕೊಂಡವು. ವಾರ ಬಿಟ್ಟು ನಾನು ಹೋದಾಗ ಅವಳು ಚೌಕಟ್ಟನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ನಾನು ಒತ್ತಿದ ಒಂದೊಂದು ಗುರುತಿನ ಮೇಲೂ ಬಿಳಿಯ ಹೊಸ ಗೋಡೆ ಎದ್ದಿತ್ತು. ಅಕ್ಕ ನನಗೆ ಮಜ್ಜಿಗೆ ಕೊಟ್ಟು, ಮತ್ತೆ ಮತ್ತೆ ಹೋಗಿ ಅದನ್ನೇ ನೋಡಿ ಬರುತ್ತಿದ್ದಳು.

ಆಮೇಲೆ ಪೆಟ್ಟಿಗೆಯನ್ನೇ ತಿದ್ದಲು ಕೂತೆ. ನಮ್ಮ ಬಳ್ಳಾರಿ ಸೀಮೆಯ ಬಿಸಿಲಿಗೆ ಮೇಣದ ಹಾಳೆ ಜೋತುಬೀಳುತ್ತದೆ. ಅದಕ್ಕೆ ಚೌಕಟ್ಟಿಗೆ ಅಡ್ಡಲಾಗಿ ಸಣ್ಣ ತಂತಿ ಎಳೆದೆ. ಮುಚ್ಚಳವನ್ನು ಎರಡು ಪದರ ಮಾಡಿ ನಡುವೆ ಗಾಳಿ ಆಡುವಂತೆ ಸಂದು ಬಿಟ್ಟೆ. ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದೆ. ಚೌಕಟ್ಟು ಚೌಕಟ್ಟಿನ ನಡುವೆ ತುಡುವೆ ಹುಳ ಓಡಾಡುವಷ್ಟೇ ಜಾಗ. ಹೆಚ್ಚಾದರೆ ಅಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ, ಕಮ್ಮಿಯಾದರೆ ಮೇಣ ತುಂಬಿ ಮುಚ್ಚುತ್ತವೆ. ಅಕ್ಕನ ಊರಿನ ಬೇರೆ ಹೆಂಗಸರೂ ಆ ಪೆಟ್ಟಿಗೆ ತೆಗೆದುಕೊಂಡರು. ಕಂಪ್ಲಿ, ಬುಕ್ಕಸಾಗರದ ಕಡೆಯ ತೋಟದವರೂ ಕೇಳಿಕೊಂಡು ಬಂದರು. ಎರಡು ಮೂರು ವರ್ಷ ನನ್ನ ಬದುಕಿನಲ್ಲಿ ಅಷ್ಟು ಖುಷಿಯ ಕೆಲಸ ಬೇರೆ ಇರಲಿಲ್ಲ.

ಆಮೇಲೆ ಅಪ್ಪ ತೀರಿಕೊಂಡ. ಅದೇ ಹೊತ್ತಿಗೆ ಅದಿರಿನ ಸುಗ್ಗಿ ಬಂತು.

ಆ ವರ್ಷಗಳನ್ನು ಈಗ ಕೆಲವರು ನಮ್ಮ ಊರಿನ ಚಿನ್ನದ ಕಾಲ ಎನ್ನುತ್ತಾರೆ. ಕೇಳಿದಾಗ ಮೈ ಉರಿಯುತ್ತದೆ. ಗುಡ್ಡ ಅಗೆದು ಹಡಗಿಗೆ ತುಂಬುತ್ತಿದ್ದರು. ಟಿಪ್ಪರುಗಳು ಒಂದರ ಬಾಲಕ್ಕೆ ಒಂದು ಹತ್ತಿಕೊಂಡು, ತಾಡಪಾಲು ಹಾಸದೆ, ರಸ್ತೆಯುದ್ದಕ್ಕೂ ಅದಿರು ಚೆಲ್ಲಿಕೊಂಡು ಓಡುತ್ತಿದ್ದವು. ಒಣಗಲು ಹಾಕಿದ ಬಟ್ಟೆ ಕೆಂಪು, ಹೆಪ್ಪು ಹಾಕಿದ ಮೊಸರಿನ ಕೆನೆ ಕೆಂಪು, ಮಕ್ಕಳು ಕೆಮ್ಮಿ ಉಗಿದರೆ ಅದೂ ಕೆಂಪು. ದವಾಖಾನೆಯ ಮುಂದೆ ಕೂತವರೇ ಮನೆಗೆ ಬಂದು, ಊರು ಸುಧಾರಿಸಿತು, ಹೊಸ ಹೋಟೆಲು ಬಂತು ಎಂದು ಹೊಗಳುತ್ತಿದ್ದರು. ನಮ್ಮ ವರ್ಕ್‌ಶಾಪಿನಲ್ಲಿ ಶಾಫ್ಟು ಬುಶ್ಶುಗಳ ಕೆಲಸ ನಿಂತು ಟಿಪ್ಪರಿನ ಕೆಲಸ ತುಂಬಿಕೊಂಡಿತು. ಅಣ್ಣ ಯಜಮಾನನಾದ. ನನ್ನ ಮೇಣದ ಒಲೆ, ಅಚ್ಚು, ಹಲಗೆ ಎಲ್ಲ ಹಿಂದಿನ ತಗಡಿನ ಶೆಡ್ಡಿಗೆ ಹೋದವು.

ಅಕ್ಕನ ಊರಿನ ಮುಂದೆಯೇ ಅದಿರಿನ ರಸ್ತೆ. ಹೊಂಗೆ ಹೂ ಬಿಟ್ಟರೂ ಅದರ ಮೇಲೆ ಧೂಳು ಕೂತು, ಇಬ್ಬನಿಗೆ ಹಸಿಯಾಗಿ, ಮಣ್ಣು ಮೆತ್ತಿದ ಹಾಗೆ ಆಗುತ್ತಿತ್ತು. ಹುಳಗಳ ಕಾಲಿನಲ್ಲಿ ಹಳದಿ ಪರಾಗದ ಬದಲು ಕಂದು ಕೆಂಪಿನ ಉಂಡೆ ಬರುತ್ತಿತ್ತು. ಅಕ್ಕ ಬೆಳಿಗ್ಗೆ ಎದ್ದು ಪೆಟ್ಟಿಗೆಗಳ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಆದರೂ ಜೇನು ಕುಟುಂಬಗಳು ಉಳಿದಿದ್ದವು. ಬಡವಾಗಿದ್ದವು, ಆದರೆ ಬಿಟ್ಟು ಹೋಗಿರಲಿಲ್ಲ.

ಆಗ ಬಂದ ಆ ಅಧಿಕಾರಿ. ಗಣಿ ಕಂಪನಿಯೊಂದರ ಸಮಾಜಸೇವೆಯ ವಿಭಾಗದವನು. ಊರು ಬೇರೆ ಕಡೆಯದು, ಮಾತು ನಯ, ಮೈಮೇಲೆ ಇಸ್ತ್ರಿಯ ಬಿಳಿ ಅಂಗಿ. ಕಂಪನಿ ಕಣಿವೆಯ ಹೆಂಗಸರಿಗೆ ಜೇನು ಪೆಟ್ಟಿಗೆ ಹಂಚುತ್ತದೆ, ನಿಮ್ಮ ಅಚ್ಚಿನ ಸುದ್ದಿ ಕೇಳಿ ಬಂದೆ ಎಂದ. ನಾನು ಶೆಡ್ಡಿನಲ್ಲಿ ಕೂರಿಸಿ ಎಲ್ಲವನ್ನೂ ತೋರಿಸಿದೆ. ಅಳತೆ ಏಕೆ ಹೀಗೆ, ಸಂದು ಏಕೆ ಇಷ್ಟೇ, ಮೇಣಕ್ಕೆ ಕ್ಯಾಂಡಲ್ ಮೇಣ ಬೆರೆಸಿದರೆ ಬೇಸಿಗೆಯಲ್ಲಿ ಏನಾಗುತ್ತದೆ, ಎಲ್ಲ ಹೇಳಿದೆ. ಅಚ್ಚನ್ನು ಕೊಟ್ಟು ಕಳಿಸಿ, ಇದೇ ಮಾದರಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿಸುತ್ತೇವೆ ಎಂದ. ಅಚ್ಚು ಕೊಡುವುದಿಲ್ಲ, ಬೇಕಾದಷ್ಟು ಹಾಳೆ ಒತ್ತಿಕೊಡುತ್ತೇನೆ, ಇಲ್ಲವಾದರೆ ನನ್ನ ಎದುರಿಗೇ ಇನ್ನೊಂದು ಅಚ್ಚು ಮಾಡಿಸಿ ಎಂದೆ. ನಕ್ಕು, ಕೈ ಮುಗಿದು ಹೋದ.

ಮುಂದಿನ ವಾರ ಶೆಡ್ಡಿನ ಗೂಡಿನಲ್ಲಿ ಅಚ್ಚು ಇರಲಿಲ್ಲ. ಅಣ್ಣನನ್ನು ಕೇಳಿದೆ. ಅವನು ವೆಲ್ಡಿಂಗ್ ಮಾಡುವವನಿಗೆ ಏನೋ ಹೇಳುತ್ತಾ, ನನ್ನ ಕಡೆ ತಿರುಗದೆ, "ಕೊಟ್ಟೀನಿ. ಅವರ ಟಿಪ್ಪರ್ ಎಲ್ಲಾ ಇನ್ನ ನಮ್ಮ ಕಡಿಗೇ ಬರ್ತಾವ" ಎಂದ.

"ಯಾರನ್ನ ಕೇಳಿ ಕೊಟ್ಟಿ?"

"ಯಾರನ್ನ ಕೇಳಬೇಕು? ವರ್ಕ್‌ಶಾಪ್ ನಂದು. ಅದರಾಗಿನ ಕಬ್ಬಿಣಾ ನಂದು."

"ಅದು ಕಬ್ಬಿಣಲ್ಲ, ಸೀಸ" ಎಂದೆ. ಸಿಟ್ಟಿನಲ್ಲಿ ಮನುಷ್ಯನ ಬಾಯಿಗೆ ಎಂಥ ಮಾತು ಬರುತ್ತದೆ ನೋಡಿ. ಕೆಲಸಗಾರರು ನಕ್ಕರು. ನಾನು ಮನೆಗೆ ನಡೆದುಬಂದೆ. ದಾರಿಯುದ್ದಕ್ಕೂ ಟಿಪ್ಪರುಗಳು. ಒಂದೊಂದರ ಹಾರನ್ನಿಗೂ ಹಲ್ಲು ಕಚ್ಚಿಕೊಂಡೆ. ಗಂಡ, ಮಾತಾಡಿ ನೋಡೋಣ, ಅಣ್ಣನಲ್ಲವೇ ಎಂದರು. ಮಾತಾಡಲು ಏನಿತ್ತು? ನನ್ನ ಒಂದು ಚಳಿಗಾಲವನ್ನು ಅವನು ಟಿಪ್ಪರಿನ ಜೊತೆ ಅದಲುಬದಲು ಮಾಡಿದ್ದ.

ಪೆಟ್ಟಿಗೆ ಹಂಚುವ ಕಾರ್ಯಕ್ರಮ ಅಕ್ಕನ ಊರಿನ ಶಾಲೆಯ ಬಯಲಿನಲ್ಲಿ ನಡೆಯಿತು. ನನ್ನನ್ನು ಯಾರೂ ಕರೆದಿರಲಿಲ್ಲ, ಅಕ್ಕ ಹೇಳಿಕಳಿಸಿದ್ದಕ್ಕೆ ಹೋದೆ. ಶಾಮಿಯಾನ, ಮೈಕು, ಫೋಟೋದವರು. ವೇದಿಕೆಯ ಪಕ್ಕದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ನನ್ನ ಅಚ್ಚನ್ನು ಇಟ್ಟಿದ್ದರು. ಅದರ ಕೆಳಗೆ 'ನಮ್ಮ ಸಂಶೋಧನೆ' ಎಂದು ಬಣ್ಣದ ಕಾಗದ. ಇಷ್ಟಾದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಹಂಚುತ್ತಿದ್ದ ಪೆಟ್ಟಿಗೆಗಳು ಹಳದಿ ಪ್ಲಾಸ್ಟಿಕ್ಕಿನವು. ಒಳಗಿನ ಎರಿಯೂ ಪ್ಲಾಸ್ಟಿಕ್. ಬೇರೆ ರಾಜ್ಯದ ಯಾವುದೋ ಕಾರ್ಖಾನೆಯಿಂದ ತಯಾರಾಗಿಯೇ ಬಂದ ಮಾಲು. ಕಣ್ಣಳತೆಗೇ ತಿಳಿಯಿತು, ಆದರೂ ಚೀಲದಿಂದ ವರ್ನಿಯರ್ ತೆಗೆದು ಹಿಡಿದೆ. ಇಟಲಿ ಜೇನಿನ ಅಳತೆ. ನನ್ನ ಅಚ್ಚನ್ನು ಅವರು ಒಂದು ಸಲವೂ ಬಳಸಿರಲಿಲ್ಲ. ತೋರಿಸಲು ಬೇಕಿತ್ತು, ಅಷ್ಟೇ.

ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ಆಗಲೂ ನಯವಾಗಿಯೇ, "ಹುಳಕ್ಕೆ ಅದೆಲ್ಲ ಏನು ಗೊತ್ತಾಗುತ್ತೆ ಮೇಡಂ? ಒಂದು ಮಿಲಿಮೀಟರ್ ಆಚೆ ಈಚೆ. ಅಡ್ಜಸ್ಟ್ ಮಾಡ್ಕೊಳ್ತವೆ" ಎಂದ.

ನಾನು ದನಿ ಏರಿಸಿದೆ. ಸುತ್ತ ಕೂತಿದ್ದ ಹೆಂಗಸರಿಗೆ ಕೇಳಲಿ ಎಂದೇ ಏರಿಸಿದೆ. "ರಾಣಿ ಹುಳ ಮನಿ ಅಳದು ಮೊಟ್ಟಿ ಇಡ್ತೈತಿ. ದೊಡ್ಡ ಮನಿ ಕಂಡ್ರ ಗಂಡು ಹುಳದ ಮೊಟ್ಟಿ ಇಡ್ತೈತಿ. ಗಂಡು ಹುಳ ಹೂವಿಗೆ ಹೋಗಂಗಿಲ್ಲ, ಕುಂತು ತಿಂತಾವ. ಪೆಟ್ಟಿಗಿ ತುಂಬ ಕುಂತು ತಿನ್ನೋವೇ ಆದ್ರ ದುಡಿಯೋರು ಯಾರ್ರಿ?"

ಹೆಂಗಸರು ನಕ್ಕರು. ಅಧಿಕಾರಿಯ ಮುಖ ಸಣ್ಣದಾಯಿತು. ಮೈಕು ಜೋರಾಯಿತು, ಹಾರ ತುರಾಯಿ ಶುರುವಾದವು. ನನ್ನ ಮಾತು ಅಲ್ಲಿಗೇ ಮುಳುಗಿತು.

ಅದಕ್ಕಿಂತ ಕೆಟ್ಟ ಸುದ್ದಿ ಊಟದ ಹೊತ್ತಿಗೆ ತಿಳಿಯಿತು. ಹೊಸ ಪೆಟ್ಟಿಗೆ ಬೇಕಾದವರು ಹಳೆಯ ಮರದ ಪೆಟ್ಟಿಗೆಯನ್ನು ಕಂಪನಿಗೆ ಒಪ್ಪಿಸಬೇಕಂತೆ. ಎಲ್ಲರಲ್ಲೂ ಒಂದೇ ಮಾದರಿ ಇದ್ದರೆ ಫೋಟೋಕ್ಕೂ ವರದಿಗೂ ಚೆಂದ. ಕಂಪನಿಯ ಆಳುಗಳೇ ಹುಳಗಳನ್ನು ಒಂದರಿಂದ ಒಂದಕ್ಕೆ ಸಾಗಿಸುತ್ತಾರಂತೆ. ಅಕ್ಕನ ಕೈ ಹಿಡಿದು, ಬ್ಯಾಡ, ನೀನಾದರೂ ಕೊಡಬ್ಯಾಡ ಎಂದೆ. ಅವಳು ಕೈ ಬಿಡಿಸಿಕೊಂಡಳು. ರಸ್ತೆಗೆ ನೀರು ಹೊಡೆಯುವ ಟ್ಯಾಂಕರನ್ನು ಈ ಊರಿಗೆ ಕಳಿಸುತ್ತೇವೆ ಎಂದು ಅಧಿಕಾರಿ ಮಾತು ಕೊಟ್ಟಿದ್ದನಂತೆ. ಪೆಟ್ಟಿಗೆ ಬೇಡ ಎಂದ ಊರಿಗೆ ಟ್ಯಾಂಕರೂ ಇಲ್ಲ. ಅವಳ ಮೆಣಸಿನ ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು, ಕಾಯಿಯ ಬಣ್ಣ ಯಾವುದು ಧೂಳಿನ ಬಣ್ಣ ಯಾವುದು ಎಂದು ಹೇಳಲಾಗುತ್ತಿರಲಿಲ್ಲ.

"ನಿನಗ ಹೋಗಾಕ ಊರು ಐತಿ ತಂಗೀ" ಎಂದಳು. "ನಾ ಇಲ್ಲೇ ಇರಬೇಕಲ್ಲ."

ಅವಳು ಹೇಳಿದ್ದು ಸರಿಯೇ ಇತ್ತು. ಆದರೂ ಅವಳ ಮೇಲೂ ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ, ನೀರು ಹೊಡೆಯುವುದು ರಸ್ತೆ ಹಾಳು ಮಾಡಿದವರ ಕರ್ತವ್ಯ, ಅದನ್ನೂ ಒಂದು ಕೊಡುಗೆ ಮಾಡಿ, ಅದಕ್ಕೂ ಒಂದು ಷರತ್ತು ಹಾಕಿ, ಬಡವರ ಕೈಯಲ್ಲಿದ್ದ ಒಳ್ಳೆಯ ವಸ್ತುವನ್ನು ಕಿತ್ತುಕೊಳ್ಳುವವರ ಬುದ್ಧಿ ಎಷ್ಟು ಚುರುಕು ಎಂದು ಯೋಚಿಸಿದೆ. ಆಮೇಲೆ ಆ ಸಿಟ್ಟು ಅಕ್ಕನನ್ನು ಬಿಟ್ಟು ಸರಿಯಾದ ಜಾಗಕ್ಕೆ ಹೋಯಿತು.

ಕಂಪನಿಯ ಆಳುಗಳು ಹುಳ ಸಾಗಿಸಿದ್ದು ಮಟಮಟ ಮಧ್ಯಾಹ್ನ. ಸಂಜೆ ತಂಪಿನಲ್ಲಿ ಮಾಡಬೇಕಾದ ಕೆಲಸ. ಅವರಿಗೆ ಹೊಗೆ ಹಿಡಿಯುವುದೂ ಬರುತ್ತಿರಲಿಲ್ಲವೆಂದು ಅಕ್ಕ ಆಮೇಲೆ ಹೇಳಿದಳು. ಮರಿ ತುಂಬಿದ ಹಳೆಯ ಎರಿಗಳು ಹೊಸ ಪೆಟ್ಟಿಗೆಯ ಅಳತೆಗೆ ಕೂರಲಿಲ್ಲವೆಂದು ಅವನ್ನು ಕತ್ತರಿಸಿ ಬಿಸಾಡಿದ್ದರು. ಹುಳಗಳು ಪ್ಲಾಸ್ಟಿಕ್ ಎರಿಯ ಮೇಲೆ ಕೂರದೆ ಮುಚ್ಚಳದ ಒಳಮೈಗೆ ಗೊಂಚಲಾಗಿ ನೇತುಬಿದ್ದವು. ನಾನು ಮತ್ತೆ ಹೋದದ್ದು ಅಮಾವಾಸ್ಯೆ ಕಳೆದ ಮೇಲೆ. ಅಷ್ಟರಲ್ಲಿ ಅರ್ಧ ಊರಿನ ಪೆಟ್ಟಿಗೆಗಳು ಖಾಲಿ. ಅಕ್ಕನ ಪೆಟ್ಟಿಗೆಗಳಲ್ಲಿ ಒಂದು ಜೇನು ಕುಟುಂಬ ಮಾತ್ರ ಉಳಿದಿತ್ತು. ನಾನು ಮುಚ್ಚಳ ಮುಟ್ಟಿದೆ, ಬಿಸಿಲಿಗೆ ಕಾದ ಹಂಚಿನ ಹಾಗಿತ್ತು. ಮೇಲಿಂದ ಒದ್ದೆ ಗೋಣಿ ಹೊದಿಸೋಣವೆಂದು ತರಲು ಹೋದೆವು. ಗೋಣಿ ನೆನೆಸಿ ಬರುವಷ್ಟರಲ್ಲಿ ಬಾಗಿಲಿನಿಂದ ಹುಳಗಳು ನೀರು ಸುರಿದ ಹಾಗೆ ಹೊರಗೆ ಬರುತ್ತಿದ್ದವು. ಹಿತ್ತಲ ತುಂಬ ಮೊರೆತ. ಹುಣಸೆ ಮರದ ಕೊಂಬೆಗೆ ಸ್ವಲ್ಪ ಹೊತ್ತು ಕೂತವು. ಅಕ್ಕ ಬುಟ್ಟಿ ಹಿಡಿದು ಕೆಳಗೆ ನಿಂತು, ಇಳೀರಿ, ನಮ್ಮವ್ವಗಳಿರಾ, ಇಳೀರಿ ಎಂದು ಬೇಡಿಕೊಂಡಳು. ಅವು ಇಳಿಯಲಿಲ್ಲ. ಎದ್ದು, ಗುಡ್ಡದ ಕಡೆಗೆ ಹೋದವು. ಆ ಗುಡ್ಡದ ನೆತ್ತಿಯಲ್ಲಿ ಆಗ ಯಂತ್ರಗಳು ಅಗೆಯುತ್ತಿದ್ದವು.

ಅಕ್ಕ ಅಳಲಿಲ್ಲ. ಪ್ಲಾಸ್ಟಿಕ್ ಎರಿಯೊಂದನ್ನು ಹೊರಗೆಳೆದು ಮೊಣಕಾಲಿಗೆ ಹಚ್ಚಿ ಮುರಿಯಲು ನೋಡಿದಳು. ಅದು ಮುರಿಯಲೂ ಇಲ್ಲ, ಬಾಗಿ ಮತ್ತೆ ನೆಟ್ಟಗಾಯಿತು. ನೀರಿನ ಟ್ಯಾಂಕರ್ ಆ ಊರಿಗೆ ಕಾರ್ಯಕ್ರಮದ ದಿನ ಮಾತ್ರ ಬಂದಿತ್ತು.

ಮಾರನೆಯ ದಿನ ಬೆಳಿಗ್ಗೆ ನಾನು ಕಂಪನಿಯ ಆಫೀಸಿಗೆ ಹೋದೆ. ಅಧಿಕಾರಿಯ ಕೋಣೆಯ ಗೋಡೆಗೆ ಪಾಲಿಶ್ ಮಾಡಿದ ಮರದ ಹಲಗೆ, ಅದರ ಮೇಲೆ ನನ್ನ ಅಚ್ಚನ್ನು ಪುಸ್ತಕದಂತೆ ತೆರೆದು ನಾಲ್ಕು ಮೂಲೆಗೂ ಸ್ಕ್ರೂ ಹೊಡೆದಿದ್ದರು. ಸ್ಕ್ರೂ ಹೋಗಲೆಂದು ಸೀಸವನ್ನು ಕೊರೆದಿದ್ದರು. ನಾಲ್ಕೂ ಮೂಲೆಯಲ್ಲಿ ಮನೆಗಳ ಸಾಲು ನಜ್ಜುಗುಜ್ಜಾಗಿತ್ತು. ಅದನ್ನು ನೋಡುತ್ತಾ ನಿಂತೇ ಹುಳಗಳು ಬಿಟ್ಟುಹೋದ ಸುದ್ದಿ ಹೇಳಿದೆ. ಅವನು, ಜೇನು ಕಾಲಕಾಲಕ್ಕೆ ವಲಸೆ ಹೋಗುವುದು ಸಹಜ ಎಂದ. ಯೋಜನೆ ಯಶಸ್ವಿಯಾಗಿದೆಯೆಂದು ವರದಿ ಮೇಲೆ ಹೋಗಿದೆ ಎಂದೂ ಹೇಳಿದ. ಹಾಗೆ ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ.

"ನನ್ನ ಅಚ್ಚು ಕೊಡ್ರಿ" ಎಂದೆ.

"ಅದು ಕಂಪನಿಯ ಆಸ್ತಿ ಮೇಡಂ. ನಿಮ್ಮ ಅಣ್ಣನೇ ಕೊಟ್ಟಿದ್ದು."

ಚೀಲದಲ್ಲಿ ಸ್ಕ್ರೂ ಡ್ರೈವರ್ ಇತ್ತು. ವರ್ಕ್‌ಶಾಪಿನವಳ ಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಅದು ಇರುತ್ತದೆ. ಕುರ್ಚಿಯೊಂದನ್ನು ಗೋಡೆಗೆ ಎಳೆದು, ಸೀರೆ ಎತ್ತಿ ಕಟ್ಟಿ, ಹತ್ತಿ ನಿಂತು ಮೊದಲನೆಯ ಸ್ಕ್ರೂ ಬಿಚ್ಚಲು ಶುರು ಮಾಡಿದೆ. ಅವನು ಎದ್ದು ನಿಂತ. ಕಾವಲುಗಾರನನ್ನು ಕೂಗಿದ. ಕಾವಲುಗಾರ ಬಾಗಿಲಿಗೆ ಬಂದು, ಕುರ್ಚಿಯ ಮೇಲೆ ನಿಂತ ಹೆಂಗಸನ್ನು ಹೇಗೆ ಇಳಿಸುವುದೆಂದು ತಿಳಿಯದೆ ಅಲ್ಲೇ ನಿಂತ. ಅಕ್ಕಪಕ್ಕದ ಕೋಣೆಯವರೂ ಬಂದು ನೋಡಿದರು. ನಾನು ಯಾರ ಕಡೆಗೂ ತಿರುಗಲಿಲ್ಲ. ಎರಡು ಸಲ ಸ್ಕ್ರೂ ಡ್ರೈವರ್ ಜಾರಿ ಅವನ ಪಾಲಿಶ್ ಹಲಗೆಗೆ ಗೀಚು ಬಿತ್ತು. ಆ ಗೀಚಿನ ಬಗ್ಗೆ ಇವತ್ತಿಗೂ ನನಗೆ ಬೇಸರವಿಲ್ಲ.

ಕೊನೆಯ ಸ್ಕ್ರೂ ಬಿಚ್ಚುವಾಗ ಅವನು, "ನಿಮ್ಮ ಅಣ್ಣನ ಕಾಂಟ್ರಾಕ್ಟ್ ಇವತ್ತೇ ಕ್ಯಾನ್ಸಲ್ ಮಾಡ್ತೀನಿ" ಎಂದ.

"ಮಾಡ್ರಿ" ಎಂದು, ಅಚ್ಚನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.

ಮಾಡಿದ. ಅಣ್ಣ ನಮ್ಮ ಮನೆಯ ಬಾಗಿಲಿಗೆ ಬಂದು, ಬೀದಿಯವರಿಗೆಲ್ಲ ಕೇಳುವ ಹಾಗೆ ಬೈದು, ವರ್ಕ್‌ಶಾಪಿನ ಮೆಟ್ಟಿಲು ತುಳಿಯಬ್ಯಾಡ ಎಂದು ಹೇಳಿ ಹೋದ. ಅಪ್ಪನ ಕೈ ಹಿಡಿದು ನಾನು ಲೇತ್ ಕಲಿತ ಜಾಗ ಅದು. ಆ ದಿನದಿಂದ ಈವರೆಗೆ ನಾನು ಅಲ್ಲಿ ಕಾಲಿಟ್ಟಿಲ್ಲ.

ಅಕ್ಕನ ಊರಿನಲ್ಲಿ ಇಷ್ಟರೊಳಗೆ ಬೇರೆಯೇ ತಯಾರಿ ನಡೆದಿತ್ತು. ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ. ಬೆಳಿಗ್ಗೆಯ ಬಸ್ಸು ಊರ ಕೆರೆಯ ತಿರುವಿನಲ್ಲಿ ನಿಂತುಬಿಟ್ಟಿತು. ಇಳಿದು ನೋಡಿದರೆ ಅದಿರಿನ ರಸ್ತೆಗೆ ಅಡ್ಡಲಾಗಿ ಹಳದಿ ಪೆಟ್ಟಿಗೆಗಳ ಗೋಡೆ. ಹೆಂಗಸರು ತಲೆಯ ಮೇಲೆ ಹೊತ್ತು ತಂದು ಒಂದರ ಮೇಲೊಂದು ಪೇರಿಸುತ್ತಿದ್ದರು. ಆಚೆಗೆ ಕಣ್ಣು ಹಾಯುವಷ್ಟು ದೂರ ಟಿಪ್ಪರುಗಳು. ಬಸ್ಸಿಗೆ ಮಾತ್ರ ಪಕ್ಕಕ್ಕೆ ದಾರಿ ಬಿಟ್ಟುಕೊಟ್ಟರು. ಮುಂದಿನ ಟಿಪ್ಪರಿನ ಡ್ರೈವರ್ ಸ್ವಲ್ಪ ಹೊತ್ತು ಕೂಗಾಡಿ, ಆಮೇಲೆ ಕೆರೆಯ ನೀರಿನಲ್ಲಿ ಮುಖ ತೊಳೆದುಕೊಂಡು ನೆರಳಿಗೆ ಹೋಗಿ ಮಲಗಿದ.

ಅಧಿಕಾರಿ ಜೀಪಿನಲ್ಲಿ ಬಂದ. ಆಫೀಸಿಗೆ ಬನ್ನಿ, ಕೂತು ಮಾತಾಡೋಣ ಎಂದ. ಅಕ್ಕ ಮುಂದೆ ಬಂದು ನಿಂತಳು.

"ಆಫೀಸಿಗೆ ಬರಾಕ ನಾವು ನಿಮ್ಮ ಆಳಲ್ರಿ. ನಮ್ಮ ಮರದ ಪೆಟ್ಟಿಗಿ ಇಲ್ಲಿಗೆ ತಂದು ಕೊಡ್ರಿ. ಇವನ್ನ ತಗೊಂಡು ಹೋಗ್ರಿ."

ಅವನು ನನ್ನನ್ನು ಗುರುತು ಹಿಡಿದು, ಇದೆಲ್ಲ ನಿಮ್ಮ ಕೆಲಸ ಎಂಬಂತೆ ನೋಡಿದ. ಅವತ್ತು ನನ್ನದೇನೂ ಇರಲಿಲ್ಲ. ನಾನು ಪೆಟ್ಟಿಗೆ ಪೇರಿಸಲು ಕೈ ಕೊಟ್ಟೆ, ಅಷ್ಟೇ. ಪೊಲೀಸಿನವನೊಬ್ಬ ಬಂದು ರಸ್ತೆ ಬಿಡಿ ಎಂದು ಎರಡು ಸಲ ಹೇಳಿ, ಹೆಂಗಸರು ಕೂತೇ ಇದ್ದದ್ದನ್ನು ನೋಡಿ, ಅಧಿಕಾರಿಯ ಹತ್ತಿರ ಹೋಗಿ ಏನೋ ಪಿಸುಗುಟ್ಟಿದ. ಟಿಪ್ಪರು ನಿಂತರೆ ಏನಾಗುತ್ತದೆಂದು ಅವರಿಬ್ಬರಿಗೂ ನಮಗಿಂತ ಚೆನ್ನಾಗಿ ತಿಳಿದಿತ್ತು. ಮುಸ್ಸಂಜೆಗೆ ಮಿನಿ ಲಾರಿಯೊಂದು ಮರದ ಪೆಟ್ಟಿಗೆಗಳನ್ನು ತಂದು ಸುರಿಯಿತು.

ಬಂದದ್ದು ಅರ್ಧ ಮಾತ್ರ. ಮಿಕ್ಕವು ಕಂಪನಿಯ ಕ್ಯಾಂಟೀನಿನ ಒಲೆಗೆ ಹೋಗಿದ್ದವಂತೆ. ಬಂದವುಗಳಲ್ಲೂ ಚೌಕಟ್ಟುಗಳಿಗೆ ಮೇಣ ತಿನ್ನುವ ಪತಂಗದ ಹುಳು ಹಿಡಿದು ಮೇಣವೆಲ್ಲ ಜೇಡರ ಬಲೆಯಂತಾಗಿತ್ತು. ನಾನು ಮಾವಿನ ಹಲಗೆ ಆರಿಸಿ, ಸಂದು ಅಳೆದು, ತಂತಿ ಎಳೆದು ಮಾಡಿದ ಪೆಟ್ಟಿಗೆಗಳನ್ನು ಸುಟ್ಟು ಚಹಾ ಕಾಯಿಸಿಕೊಂಡು ಕುಡಿದಿದ್ದರು. ಅಕ್ಕ ತನ್ನವನ್ನು ಹುಡುಕಿ ಒಂದೆಡೆ ಇಟ್ಟಳು. ಪಾಲು ಸಿಗದವರಿಗೆ ತನ್ನದರಲ್ಲೇ ಒಂದೊಂದು ಕೊಟ್ಟಳು.

ಮುಂದೆ ನಾನು ಬುಕ್ಕಸಾಗರದಲ್ಲಿ ಬಾಳೆ ತೋಟದ ಅಂಚಿಗೆ ಒಂದು ಶೆಡ್ಡು ಹಿಡಿದು ಮೇಣದ ಒಲೆ ಹೂಡಿದೆ. ನಜ್ಜುಗುಜ್ಜಾದ ಮೂಲೆಗಳನ್ನು ತಿದ್ದಲು ಆಗಲಿಲ್ಲ. ಹಾಳೆಯ ನಾಲ್ಕು ಮೂಲೆ ಕತ್ತರಿಸಿಯೇ ಕೂರಿಸುತ್ತೇನೆ, ಅಲ್ಲಿ ಹುಳಗಳು ತಮ್ಮ ಅಳತೆಯಲ್ಲಿ ತಾವೇ ತುಂಬಿಕೊಳ್ಳುತ್ತವೆ. ಭತ್ತಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಅಲ್ಲೂ ಹುಳ ಸಾಯುತ್ತವೆ, ಅಲ್ಲಿನವರ ಜೊತೆಗೂ ಜಗಳವಾಡಿದ್ದೇನೆ. ಅಕ್ಕನ ಖಾಲಿ ಪೆಟ್ಟಿಗೆಗಳಿಗೆ ಮೇಣ ಸವರಿ ಮರಗಳಿಗೆ ಕಟ್ಟಿದ್ದೆವು. ಎರಡನೆಯ ವರ್ಷ ಒಂದಕ್ಕೆ ತುಡುವೆ ಬಂದು ಕೂತಿತು. ಈಗ ಅವಳ ಹಿತ್ತಲಲ್ಲಿ ಮೊದಲಿನಷ್ಟಿಲ್ಲ, ಆದರೆ ಇವೆ.

ಕೋರ್ಟಿನ ಆದೇಶದಿಂದ ಗಣಿ ನಿಂತ ಮೇಲೆ ಅಣ್ಣ ಒಮ್ಮೆ ಶೆಡ್ಡಿಗೆ ಬಂದಿದ್ದ. ವರ್ಕ್‌ಶಾಪಿನ ಮುಂದೆ ಟಿಪ್ಪರುಗಳು ತುಕ್ಕು ಹಿಡಿದು ನಿಂತ ದಿನಗಳು ಅವು. ಅಚ್ಚನ್ನು ಕೈಯಲ್ಲಿ ಹಿಡಿದು, ಮೂಲೆಗಳ ತೂತುಗಳ ಮೇಲೆ ಬೆರಳಾಡಿಸಿ, ಇದು ಯಾರು ಮಾಡಿದ್ದು ಎಂದು ಕೇಳಿದ. ನಿನ್ನ ಸಾಹೇಬರು ಎಂದೆ. ಚಹಾ ಕೊಟ್ಟೆ, ಕುಡಿದು ಹೋದ. ಹಬ್ಬ ಹುಣ್ಣಿಮೆಗೆ ಮಾತಾಡುತ್ತೇವೆ. ಅದಕ್ಕಿಂತ ಹೆಚ್ಚಿನದು ನನ್ನಿಂದ ಆಗಿಲ್ಲ.

ಕಳೆದ ಸಲ ಅಕ್ಕನ ಊರಿಗೆ ಹೋದಾಗ ಮತ್ತೊಂದು ಕಂಪನಿಯವರು ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಹೆಂಗಸರಿಗೆ ಹೊಲಿಗೆ ಯಂತ್ರ ಹಂಚುತ್ತಾರಂತೆ, ಹೆಸರು ಕೊಡಿ ಎನ್ನುತ್ತಿದ್ದರು. ಅಕ್ಕ ಒಳಗಿನಿಂದ ತನ್ನ ಹಳೆಯ ರವಿಕೆಯ ಬಟ್ಟೆಯ ತುಂಡೊಂದನ್ನು ತಂದು ಅವರ ಮುಂದಿಟ್ಟಳು.

"ನೀರು ಕುಡೀರಿ" ಎಂದಳು. "ಮದ್ಲು ಒಂದು ಮಷಿನ್ ತಂದು, ಇದನ್ನ ಹೊಲದು ತೋರಸ್ರಿ. ಆಮ್ಯಾಲ ಹೆಸರು ಕೊಡ್ತೀವಿ."

ಅವರು ನೀರು ಕುಡಿದರು. ಮಷಿನ್ ಮುಂದಿನ ವಾರ ತರುತ್ತೇವೆ ಎಂದು ಹೇಳಿ ಎದ್ದರು. ಅಕ್ಕ ಬಟ್ಟೆಯ ತುಂಡನ್ನು ಮಡಿಸಿ ಸೊಂಟಕ್ಕೆ ಸಿಗಿಸಿಕೊಂಡು, ದನಕ್ಕೆ ಮೇವು ಹಾಕಲು ಹೋದಳು.